ಐಸ್‌ಕ್ರೀಮ್ ಸರಣಿ ಮಳಿಗೆಗಳು: ಹರಡುವಿಕೆಯನ್ನೂ ಗ್ರಾಹಕರ ರೇಟಿಂಗನ್ನೂ ಒಟ್ಟಿಗೆ ಓದುವ ಕ್ರಮ

ಒಂದೇ ಹೆಸರಿನ ಐಸ್‌ಕ್ರೀಮ್ ಮಳಿಗೆಗಳು ಎಲ್ಲೆಲ್ಲಿ ಹರಡಿಕೊಂಡಿವೆ, ಯಾವ ಭಾಗದ ಗ್ರಾಹಕರು ಅವುಗಳಿಗೆ ಹೆಚ್ಚು ಅಂಕ ಕೊಡುತ್ತಾರೆ, ಇವೆರಡಕ್ಕೂ ಸಂಬಂಧವಿದೆಯೇ ಎಂಬುದನ್ನು ಕಂಡುಕೊಳ್ಳುವುದು ಹೇಗೆಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ದತ್ತಾಂಶ ವಿಶ್ಲೇಷಣೆ ಕಲಿಯುತ್ತಿರುವವರು, ಫ್ರಾಂಚೈಸಿ ಪಡೆಯುವ ಯೋಚನೆಯಲ್ಲಿರುವವರು, ತಮ್ಮದೇ ಮಳಿಗೆಗಳ ಮೇಲ್ವಿಚಾರಣೆ ನಡೆಸುವವರು ಹೀಗೆ ಕೇಳುವವರು ಬೇರೆ ಬೇರೆ, ಆದರೆ ಅವರ ಮೊದಲ ಪ್ರಯತ್ನ ಸಾಮಾನ್ಯವಾಗಿ ಒಂದೇ ಬಗೆಯದು. ಮಳಿಗೆಗಳನ್ನು ನಕ್ಷೆಯ ಮೇಲೆ ಚುಕ್ಕಿಗಳಾಗಿ ಗುರುತಿಸಿ, ರೇಟಿಂಗ್‌ಗೆ ತಕ್ಕ ಬಣ್ಣ ಹಚ್ಚಿ, ಹಸಿರು ಹೆಚ್ಚಿರುವ ಕಡೆ ಸೇವೆ ಚೆನ್ನಾಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಇಂತಹ ತೀರ್ಮಾನ ಪರಿಶೀಲನೆಗೆ ನಿಲ್ಲುವುದು ಅಪರೂಪ. ಒಂದು ಚುಕ್ಕಿಯ ಸುತ್ತ ಎಷ್ಟು ಜನ ವಾಸಿಸುತ್ತಾರೆ, ಒಂದು ರೇಟಿಂಗ್‌ನ ಹಿಂದೆ ಎಷ್ಟು ಮಂದಿಯ ಅಭಿಪ್ರಾಯವಿದೆ ಎಂಬ ಎರಡು ಸಂಖ್ಯೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಚುಕ್ಕಿಗೂ ಅರ್ಥ ಬರುವುದಿಲ್ಲ, ರೇಟಿಂಗ್‌ಗೂ ಅರ್ಥ ಬರುವುದಿಲ್ಲ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಆ ಎರಡು ಸಂಖ್ಯೆಗಳ ಸುತ್ತಲೇ ಇದೆ.

ಬೇಕಾಗುವ ಸಾಧನಗಳು ಹೆಚ್ಚಿಲ್ಲ. ಯಾವುದಾದರೂ ಒಂದು ಸ್ಪ್ರೆಡ್‌ಶೀಟ್, ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ಎಂಬ ನಕ್ಷಾ ತಂತ್ರಾಂಶ, ನೀವು ಅಧ್ಯಯನ ಮಾಡುವ ಪ್ರದೇಶದ ಜನಸಂಖ್ಯೆಯ ಅಧಿಕೃತ ಅಂಕಿಅಂಶ, ಇಷ್ಟಿದ್ದರೆ ಸಾಕು. ಪ್ರೋಗ್ರಾಮಿಂಗ್ ಗೊತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಗೊತ್ತಿಲ್ಲದಿದ್ದರೂ ಒಂಬತ್ತನೆಯ ಹಂತದ ಒಂದು ಪರೀಕ್ಷೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕೈಯಲ್ಲೇ ಮಾಡಬಹುದು.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಮಳಿಗೆಗಳು ಜನಸಂಖ್ಯೆಗೆ ತಕ್ಕಂತೆ ಹಂಚಿಕೆಯಾಗಿವೆಯೇ?" ಎಂಬುದು ಒಂದು ಪ್ರಶ್ನೆ. "ಒಂದು ಭಾಗದ ರೇಟಿಂಗ್ ಇನ್ನೊಂದು ಭಾಗಕ್ಕಿಂತ ನಿಜವಾಗಿಯೂ ಕಡಿಮೆಯೇ?" ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ವಿಮರ್ಶೆಗಳ ಅಗತ್ಯವೇ ಇಲ್ಲ, ಎರಡನೆಯದಕ್ಕೆ ಮಳಿಗೆಯ ಬಗೆ ಮತ್ತು ವಿಮರ್ಶೆಯ ದಿನಾಂಕ ಬೇಕೇ ಬೇಕು. ಪ್ರಶ್ನೆ ಸ್ಪಷ್ಟವಾಗಿದ್ದರೆ ಯಾವ ಮಾಹಿತಿಯನ್ನು ಸಂಗ್ರಹಿಸಬೇಕು, ಯಾವುದನ್ನು ಬಿಡಬಹುದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಹಂತ 2: ಮಳಿಗೆಗಳ ಪಟ್ಟಿಯನ್ನು ಎರಡು ಮೂಲಗಳಿಂದ ತೆಗೆದುಕೊಳ್ಳಿ

ಮೊದಲ ಮೂಲ ಸರಣಿಯ ಅಧಿಕೃತ ತಾಣದಲ್ಲಿರುವ ಮಳಿಗೆ ಹುಡುಕುವ ಪುಟ. ಎರಡನೆಯ ಮೂಲ ಓಪನ್‌ಸ್ಟ್ರೀಟ್‌ಮ್ಯಾಪ್, ಅಂದರೆ 2004ರಲ್ಲಿ ಆರಂಭವಾದ, ಸ್ವಯಂಸೇವಕರು ಸೇರಿ ಕಟ್ಟುತ್ತಿರುವ ಮುಕ್ತ ಜಾಗತಿಕ ನಕ್ಷೆ. ಅದರಲ್ಲಿ ಐಸ್‌ಕ್ರೀಮ್ ಮಳಿಗೆಗಳಿಗೆಂದೇ ಒಂದು ಟ್ಯಾಗ್, ಅಂದರೆ ಗುರುತುಪದ, ಇದೆ. ಬ್ರ್ಯಾಂಡ್ ಹೆಸರಿಗೆ ಪ್ರತ್ಯೇಕ ಟ್ಯಾಗ್ ಇದೆ. ಓವರ್‌ಪಾಸ್ ಎಂಬ ಹುಡುಕು ಸೇವೆಯ ಮೂಲಕ ಒಂದು ಬ್ರ್ಯಾಂಡಿನ ಎಲ್ಲ ಮಳಿಗೆಗಳನ್ನೂ ಒಮ್ಮೆಲೇ ಪಡೆಯಬಹುದು. ಆದರೆ ಕೆಲವು ಮಳಿಗೆಗಳನ್ನು ಸ್ವಯಂಸೇವಕರು ಕೆಫೆ ಅಥವಾ ಫಾಸ್ಟ್‌ಫುಡ್ ಎಂದು ಗುರುತಿಸಿರುವ ಸಾಧ್ಯತೆ ಇರುವುದರಿಂದ ಟ್ಯಾಗ್‌ನಿಂದ ಮಾತ್ರವಲ್ಲದೆ ಹೆಸರಿನಿಂದಲೂ ಹುಡುಕಬೇಕು. ಇಲ್ಲಿಯ ಮಾಹಿತಿಯನ್ನು ಪ್ರಕಟಿಸುವಾಗ ಮೂಲವನ್ನು ನಮೂದಿಸುವುದು ಅದರ ಪರವಾನಗಿಯ ಷರತ್ತು ಎಂಬುದನ್ನು ಮರೆಯಬಾರದು.

ಎರಡು ಮೂಲಗಳು ಏಕೆಂದರೆ ಎರಡರ ದೋಷಗಳೂ ಬೇರೆ ಬೇರೆ. ಅಧಿಕೃತ ಪಟ್ಟಿಯಲ್ಲಿ "ಶೀಘ್ರದಲ್ಲೇ ಆರಂಭ" ಎಂಬ ಮಳಿಗೆಗಳೂ ಸೇರಿಕೊಂಡಿರಬಹುದು. ಮುಕ್ತ ನಕ್ಷೆಯಲ್ಲಿ ಸ್ವಯಂಸೇವಕರು ಹೆಚ್ಚಿರುವ ನಗರಗಳ ಮಾಹಿತಿ ದಟ್ಟವಾಗಿರುತ್ತದೆ, ಅವರು ಕಡಿಮೆ ಇರುವಲ್ಲಿ ವಿರಳವಾಗಿರುತ್ತದೆ. ಈ ಎರಡನೆಯ ದೋಷವನ್ನು ಗಮನಿಸದಿದ್ದರೆ ನೀವು ಚಿತ್ರಿಸುವುದು ಮಳಿಗೆಗಳ ಹರಡುವಿಕೆಯನ್ನಲ್ಲ, ಸ್ವಯಂಸೇವಕರ ಹರಡುವಿಕೆಯನ್ನು.

ಹಂತ 3: ಪಟ್ಟಿಯನ್ನು ಶುದ್ಧಗೊಳಿಸಿ, ಮಳಿಗೆಯ ಬಗೆಯನ್ನು ದಾಖಲಿಸಿ

ಪ್ರತಿ ಮಳಿಗೆಗೆ ಒಂದು ಗುರುತು ಸಂಖ್ಯೆ ಕೊಟ್ಟು, ವಿಳಾಸ, ಆರಂಭವಾದ ದಿನಾಂಕ ತಿಳಿದಿದ್ದರೆ ಅದು, ಈಗಿನ ಸ್ಥಿತಿ, ಮಳಿಗೆಯ ಬಗೆ ಎಂಬ ಅಂಕಣಗಳನ್ನು ಮಾಡಿಕೊಳ್ಳಿ. ಒಂದೇ ಮಳಿಗೆ ಎರಡು ಕಾಗುಣಿತದಲ್ಲಿ ಎರಡು ಸಾಲುಗಳಾಗಿ ಬರುವುದು ಅತಿ ಸಾಮಾನ್ಯ ದೋಷ. 100 ಮೀಟರ್‌ಗಿಂತ ಹತ್ತಿರವಿರುವ ಎಲ್ಲ ಜೋಡಿಗಳನ್ನೂ ಒಂದೊಂದಾಗಿ ನೋಡಿ, ಅವು ನಿಜವಾಗಿ ಎರಡೋ ಒಂದೋ ಎಂದು ನಿರ್ಧರಿಸಬೇಕು.

ಬಗೆ ಎಂಬ ಅಂಕಣವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ಪಟ್ಟಿಯಲ್ಲಿ ಅತ್ಯಂತ ಬೆಲೆಯುಳ್ಳ ಅಂಕಣ ಅದೇ. ಕುಳಿತು ತಿನ್ನುವ ಪಾರ್ಲರ್, ಮಾಲ್‌ನೊಳಗಿನ ಪುಟ್ಟ ಕಿಯೋಸ್ಕ್, ಪೆಟ್ರೋಲ್ ಬಂಕ್ ಅಥವಾ ಸಿನಿಮಾ ಮಂದಿರದೊಳಗಿನ ಕೌಂಟರ್, ಋತುವಿನಲ್ಲಿ ಮಾತ್ರ ತೆರೆಯುವ ಮಳಿಗೆ, ಮನೆಗೆ ತಲುಪಿಸಲು ಮಾತ್ರ ಇರುವ ಅಡುಗೆಮನೆ, ಇವೆಲ್ಲಕ್ಕೂ ಒಂದೇ ನಾಮಫಲಕವಿದ್ದರೂ ಗ್ರಾಹಕರು ಅವುಗಳಿಂದ ನಿರೀಕ್ಷಿಸುವುದು ಒಂದೇ ಅಲ್ಲ. ಸಾಧ್ಯವಾದರೆ ಮಳಿಗೆ ಕಂಪನಿಯ ಸ್ವಂತದ್ದೋ ಫ್ರಾಂಚೈಸಿಯದೋ ಎಂಬುದನ್ನೂ ಸೇರಿಸಿ. ಫ್ರಾಂಚೈಸಿ ಎಂದರೆ ಕಂಪನಿಯ ಹೆಸರು ಮತ್ತು ವಿಧಾನವನ್ನು ಒಪ್ಪಂದದ ಮೇಲೆ ಪಡೆದು ಬೇರೊಬ್ಬರು ನಡೆಸುವ ಮಳಿಗೆ.

ಹಂತ 4: ವಿಳಾಸವನ್ನು ಸ್ಥಾನವಾಗಿ ಬದಲಿಸಿ

ವಿಳಾಸದಿಂದ ಅಕ್ಷಾಂಶ ಮತ್ತು ರೇಖಾಂಶಗಳನ್ನು ಪಡೆಯುವ ಕ್ರಿಯೆಗೆ ಜಿಯೋಕೋಡಿಂಗ್ ಎನ್ನುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ನಾಮಿನಾಟಿಮ್ ಸೇವೆ ಇದಕ್ಕೆ ಉಚಿತವಾಗಿ ದೊರೆಯುತ್ತದೆ, ಆದರೆ ಅದರ ಸಾರ್ವಜನಿಕ ಸರ್ವರ್‌ಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಕೋರಿಕೆ ಕಳುಹಿಸಬಾರದೆಂಬ ನಿಯಮವಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಒಂದು, ಜಿಯೋಜೇಸನ್ ಎಂಬ ಕಡತ ರೂಪದಲ್ಲಿ ರೇಖಾಂಶ ಮೊದಲು, ಅಕ್ಷಾಂಶ ನಂತರ ಬರುತ್ತದೆ, ಆದರೆ ನಾವು ಮಾತಿನಲ್ಲಿಯೂ ಅನೇಕ ಸ್ಪ್ರೆಡ್‌ಶೀಟ್‌ಗಳಲ್ಲಿಯೂ ಅಕ್ಷಾಂಶವನ್ನೇ ಮೊದಲು ಬರೆಯುತ್ತೇವೆ. ಮಳಿಗೆಗಳು ಸಮುದ್ರದ ನಡುವೆ ಕಾಣಿಸಿಕೊಂಡರೆ ಮೊದಲು ಈ ಅದಲುಬದಲನ್ನೇ ಶಂಕಿಸಬೇಕು. ಇನ್ನೊಂದು, ವಿಳಾಸ ಪೂರ್ಣವಾಗಿ ಹೊಂದಿಕೆಯಾಗದಿದ್ದಾಗ ಜಿಯೋಕೋಡಿಂಗ್ ಸೇವೆ ದೋಷ ತೋರಿಸುವ ಬದಲು ಊರಿನ ಅಥವಾ ಬಡಾವಣೆಯ ನಡುಬಿಂದುವನ್ನು ಕೊಟ್ಟುಬಿಡಬಹುದು. ಆಗ ಹಲವು ಮಳಿಗೆಗಳು ಒಂದೇ ಬಿಂದುವಿನ ಮೇಲೆ ಒಂದರ ಮೇಲೊಂದು ಕುಳಿತಿರುತ್ತವೆ. ನಿಖರವಾಗಿ ಒಂದೇ ಅಕ್ಷಾಂಶ ರೇಖಾಂಶವಿರುವ ಸಾಲುಗಳನ್ನು ಹುಡುಕಿದರೆ ಇವು ಸಿಕ್ಕಿಬೀಳುತ್ತವೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್ ಆದ್ದರಿಂದ ನಾಲ್ಕು ದಶಮಾಂಶ ಸ್ಥಾನಗಳಿದ್ದರೆ ಸುಮಾರು 11 ಮೀಟರ್‌ಗಳ ಮಟ್ಟಕ್ಕೆ ಸ್ಥಾನ ತಿಳಿಯುತ್ತದೆ. ಮಳಿಗೆಯನ್ನು ಗುರುತಿಸಲು ಅದು ಸಾಕು. ಎರಡೇ ದಶಮಾಂಶಗಳಿದ್ದರೆ ಒಂದು ಕಿಲೋಮೀಟರಿನಷ್ಟು ಅನಿಶ್ಚಿತತೆ ಉಳಿಯುತ್ತದೆ.

ಹಂತ 5: ಹರಡುವಿಕೆಯನ್ನು ಅಳೆಯಿರಿ

ಬರಿಯ ಚುಕ್ಕಿಗಳ ನಕ್ಷೆ ಬಹುಮಟ್ಟಿಗೆ ಜನಸಂಖ್ಯೆಯ ನಕ್ಷೆಯೇ ಆಗಿರುತ್ತದೆ, ಏಕೆಂದರೆ ಜನರಿರುವಲ್ಲಿ ಮಳಿಗೆಗಳಿರುತ್ತವೆ. ಆದ್ದರಿಂದ ಒಂದು ಲಕ್ಷ ಜನರಿಗೆ ಎಷ್ಟು ಮಳಿಗೆಗಳು ಎಂದು ಲೆಕ್ಕ ಹಾಕಬೇಕು. 30 ಲಕ್ಷ ಜನರಿರುವ ಪ್ರದೇಶದಲ್ಲಿ 12 ಮಳಿಗೆಗಳೂ 8 ಲಕ್ಷ ಜನರಿರುವ ಪ್ರದೇಶದಲ್ಲಿ 5 ಮಳಿಗೆಗಳೂ ಇವೆ ಎಂದುಕೊಳ್ಳಿ. ಚುಕ್ಕಿಗಳನ್ನು ನೋಡಿದರೆ ಮೊದಲನೆಯದು ದಟ್ಟ, ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಲಕ್ಷಕ್ಕೆ 0.4, ಎರಡನೆಯದರಲ್ಲಿ 0.625. ಪ್ರವಾಸಿ ಸ್ಥಳಗಳಲ್ಲಿ ಈ ಅಳತೆಯೂ ದಾರಿ ತಪ್ಪಿಸಬಲ್ಲದು: ಅಲ್ಲಿ ಐಸ್‌ಕ್ರೀಮ್ ಕೊಳ್ಳುವವರಲ್ಲಿ ಬಹುಪಾಲು ಜನ ಅಲ್ಲಿಯ ನಿವಾಸಿಗಳಲ್ಲದ ಕಾರಣ ಜನಗಣತಿಯ ಸಂಖ್ಯೆ ಗ್ರಾಹಕರ ಸಂಖ್ಯೆಯನ್ನು ಸೂಚಿಸುವುದಿಲ್ಲ. ಅಂತಹ ಸ್ಥಳಗಳನ್ನು ಪ್ರತ್ಯೇಕವಾಗಿ ಗುರುತಿಸಿ, ಉಳಿದವುಗಳೊಂದಿಗೆ ಹೋಲಿಸದಿರುವುದೇ ಉತ್ತಮ.

ಎರಡನೆಯ ಅಳತೆ ಮಳಿಗೆಯಿಂದ ಅದೇ ಸರಣಿಯ ಅತಿ ಸಮೀಪದ ಮಳಿಗೆಗೆ ಇರುವ ದೂರ. ಪ್ರತಿ ಮಳಿಗೆಗೂ ಇದನ್ನು ಲೆಕ್ಕ ಹಾಕಿ ಮಧ್ಯಾಂಕವನ್ನು, ಅಂದರೆ ದೂರಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಬೆಲೆಯನ್ನು, ನೋಡಿ. ಸರಾಸರಿಯನ್ನು ಬಳಸಿದರೆ ಎಲ್ಲೋ ದೂರದಲ್ಲಿರುವ ಒಂದೆರಡು ಒಂಟಿ ಮಳಿಗೆಗಳು ಅದನ್ನು ಎಳೆದುಬಿಡುತ್ತವೆ. ನೇರ ದೂರ ಮೊದಲ ಅಂದಾಜಿಗೆ ಸಾಕಾದರೂ ನದಿ, ರೈಲುಮಾರ್ಗ, ಹೆದ್ದಾರಿಗಳು ಅಡ್ಡವಿರುವಲ್ಲಿ ರಸ್ತೆಯ ದೂರವನ್ನೇ ತೆಗೆದುಕೊಳ್ಳಬೇಕು. ಕ್ಯೂಜಿಐಎಸ್‌ನಲ್ಲಿರುವ ವೊರೊನಾಯ್ ಬಹುಭುಜಗಳ ಉಪಕರಣ ಪ್ರತಿ ಮಳಿಗೆಗೂ ಒಂದು ಸೀಮೆಯನ್ನು ಗುರುತಿಸಿಕೊಡುತ್ತದೆ, ಆ ಸೀಮೆಯೊಳಗಿನ ಯಾವ ಸ್ಥಳಕ್ಕೂ ಅದೇ ಮಳಿಗೆ ಅತಿ ಹತ್ತಿರದ್ದು. ಪ್ರತಿ ಸೀಮೆಯೊಳಗಿನ ಜನಸಂಖ್ಯೆಯನ್ನು ಕೂಡಿಸಿದರೆ ಯಾವ ಮಳಿಗೆಯ ಮೇಲೆ ಎಷ್ಟು ಜನರ ಭಾರವಿದೆ ಎಂಬುದರ ಸ್ಥೂಲ ಚಿತ್ರ ಸಿಗುತ್ತದೆ.

ಮಳಿಗೆಗಳು ಒಂದೆಡೆ ಗುಂಪುಗೂಡಿರುವುದನ್ನು ಕಂಡ ಕೂಡಲೇ ಅದನ್ನು ಯೋಜನೆಯ ದೋಷವೆಂದು ಬರೆಯಬೇಡಿ. ಒಂದೇ ಬೀದಿಯಲ್ಲಿ ಪೈಪೋಟಿ ನಡೆಸುವ ಇಬ್ಬರು ಮಾರಾಟಗಾರರು ಹೆಚ್ಚು ಗ್ರಾಹಕರಿಗಾಗಿ ಬೀದಿಯ ನಡುವಿನತ್ತ ಸರಿಯುತ್ತಾ ಪರಸ್ಪರ ಹತ್ತಿರವಾಗುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ 1929ರಲ್ಲೇ ವಾದಿಸಿದ್ದರು. ಅದನ್ನು ತರಗತಿಗಳಲ್ಲಿ ಕಡಲತೀರದ ಇಬ್ಬರು ಐಸ್‌ಕ್ರೀಮ್ ಮಾರಾಟಗಾರರ ಉದಾಹರಣೆಯಿಂದಲೇ ಇಂದಿಗೂ ವಿವರಿಸುತ್ತಾರೆ. ಆದರೆ ಅದು ಪ್ರತಿಸ್ಪರ್ಧಿಗಳ ಕಥೆ. ಒಂದೇ ಸರಣಿಯ ಎರಡು ಮಳಿಗೆಗಳು ಅಕ್ಕಪಕ್ಕದಲ್ಲಿದ್ದರೆ ಅವು ಪರಸ್ಪರರ ಗ್ರಾಹಕರನ್ನೇ ಹಂಚಿಕೊಳ್ಳುತ್ತವೆ.

ಕೊನೆಯದಾಗಿ, ಗಡಿಗಳನ್ನು ಬದಲಿಸಿ ನೋಡಿ. ಜಿಲ್ಲೆಯ ಮಟ್ಟದಲ್ಲಿ ಕಂಡ ವಿನ್ಯಾಸ ತಾಲ್ಲೂಕು ಅಥವಾ ವಾರ್ಡ್ ಮಟ್ಟದಲ್ಲಿ ಮಾಯವಾಗಬಹುದು. ಭೂಗೋಳಶಾಸ್ತ್ರದಲ್ಲಿ ಇದು ಬಹುಕಾಲದಿಂದ ತಿಳಿದಿರುವ ಸಮಸ್ಯೆ. ಎರಡು ಮಟ್ಟಗಳಲ್ಲಿಯೂ ಉಳಿಯುವ ವಿನ್ಯಾಸವನ್ನು ಮಾತ್ರ ನಂಬಿ.

ಹಂತ 6: ರೇಟಿಂಗ್‌ಗಳನ್ನು ಸಂಗ್ರಹಿಸಿ

ಪ್ರತಿ ಮಳಿಗೆಗೂ ಸರಾಸರಿ ರೇಟಿಂಗ್, ರೇಟಿಂಗ್ ಕೊಟ್ಟವರ ಸಂಖ್ಯೆ, ಸಾಧ್ಯವಾದರೆ ಒಂದರಿಂದ ಐದರವರೆಗಿನ ಪ್ರತಿ ನಕ್ಷತ್ರಕ್ಕೆ ಎಷ್ಟು ಮಂದಿ ಎಂಬ ವಿಂಗಡಣೆ, ಮಾಹಿತಿ ತೆಗೆದುಕೊಂಡ ದಿನಾಂಕ, ಇಷ್ಟನ್ನು ದಾಖಲಿಸಿ. ಬೇರೆ ಬೇರೆ ತಾಣಗಳ ರೇಟಿಂಗ್‌ಗಳನ್ನು ಕೂಡಿಸಿ ಒಂದೇ ಸರಾಸರಿ ಮಾಡಬಾರದು: ಒಂದು ತಾಣದ ಬಳಕೆದಾರರು ಉದಾರಿಗಳಾಗಿರಬಹುದು, ಇನ್ನೊಂದರವರು ಬಿಗಿಯಾಗಿರಬಹುದು. ತಾಣಗಳ ಬಳಕೆಯ ನಿಯಮಗಳನ್ನು ಮೊದಲೇ ಓದಿಕೊಳ್ಳಿ. ಅನೇಕ ತಾಣಗಳು ಯಂತ್ರದ ಮೂಲಕ ಪುಟಗಳನ್ನು ಬಾಚಿಕೊಳ್ಳುವುದನ್ನು ನಿಷೇಧಿಸಿ, ಅದಕ್ಕೆಂದೇ ಇರುವ ಎಪಿಐ ಎಂಬ ಅಧಿಕೃತ ಮಾರ್ಗವನ್ನು ಬಳಸಲು ಹೇಳುತ್ತವೆ. ವಿಮರ್ಶೆ ಬರೆದವರ ಹೆಸರು ಮತ್ತು ಚಿತ್ರಗಳು ನಿಮ್ಮ ಲೆಕ್ಕಕ್ಕೆ ಬೇಡವಾದ್ದರಿಂದ ಅವುಗಳನ್ನು ಉಳಿಸಿಕೊಳ್ಳಬೇಡಿ.

ಹಂತ 7: ರೇಟಿಂಗ್‌ಗಳನ್ನು ಹೋಲಿಕೆಗೆ ಯೋಗ್ಯವಾಗಿಸಿ

ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ, ಆದ್ದರಿಂದ ಈ ಹಂತಕ್ಕೆ ಸಮಯ ಕೊಡಿ. ಎಂಟು ಮಂದಿ ಮಾತ್ರ ರೇಟಿಂಗ್ ಕೊಟ್ಟು ಸರಾಸರಿ 4.9 ಬಂದಿರುವ ಒಂದು ಮಳಿಗೆಯನ್ನೂ, 640 ಮಂದಿ ಕೊಟ್ಟು 4.4 ಬಂದಿರುವ ಇನ್ನೊಂದನ್ನೂ ತೆಗೆದುಕೊಳ್ಳಿ. ಪಟ್ಟಿಯನ್ನು ಸರಾಸರಿಯ ಕ್ರಮದಲ್ಲಿ ಜೋಡಿಸಿದರೆ ಮೊದಲನೆಯದು ಮೇಲಕ್ಕೆ ಬರುತ್ತದೆ. ವಾಸ್ತವವಾಗಿ ಕಡಿಮೆ ವಿಮರ್ಶೆಗಳಿರುವ ಮಳಿಗೆಗಳು ಪಟ್ಟಿಯ ಮೇಲ್ತುದಿಯಲ್ಲಿಯೂ ಕೆಳತುದಿಯಲ್ಲಿಯೂ ತುಂಬಿಕೊಳ್ಳುತ್ತವೆ, ಏಕೆಂದರೆ ಕೆಲವೇ ಜನರ ಅಭಿಪ್ರಾಯದ ಸರಾಸರಿ ಎತ್ತ ಬೇಕಾದರೂ ಸುಲಭವಾಗಿ ವಾಲುತ್ತದೆ.

ಇದಕ್ಕೆ ಬೇಯ್ಸಿಯನ್ ಸರಾಸರಿ ಎಂಬ ಪರಿಹಾರವಿದೆ. ಪ್ರತಿ ಮಳಿಗೆಗೂ ಇಡೀ ಸರಣಿಯ ಸರಾಸರಿಯಷ್ಟೇ ಅಂಕ ಕೊಟ್ಟ ಒಂದಿಷ್ಟು ಕಾಲ್ಪನಿಕ ಗ್ರಾಹಕರನ್ನು ಸೇರಿಸಿ, ಆಮೇಲೆ ಸರಾಸರಿ ತೆಗೆಯುವುದೇ ಇದರ ತಿರುಳು. ಸರಣಿಯ ಸರಾಸರಿ 4.2, ಕಾಲ್ಪನಿಕ ಗ್ರಾಹಕರು 50 ಎಂದಿಟ್ಟುಕೊಳ್ಳೋಣ. ಮೊದಲ ಮಳಿಗೆಗೆ 50ನ್ನು 4.2ರಿಂದ ಗುಣಿಸಿ, ಅದಕ್ಕೆ 8 ಮತ್ತು 4.9ರ ಗುಣಲಬ್ಧವನ್ನು ಕೂಡಿಸಿ, 58ರಿಂದ ಭಾಗಿಸಿದರೆ 4.30 ಬರುತ್ತದೆ. ಎರಡನೆಯದಕ್ಕೆ ಅದೇ ಕ್ರಮದಲ್ಲಿ 690ರಿಂದ ಭಾಗಿಸಿದಾಗ 4.39 ಬರುತ್ತದೆ. ಸ್ಥಾನಗಳು ಅದಲುಬದಲಾದವು. ಕಾಲ್ಪನಿಕ ಗ್ರಾಹಕರ ಸಂಖ್ಯೆ ಎಷ್ಟಿರಬೇಕೆಂಬುದು ನಿಮ್ಮ ನಿರ್ಣಯ. ಮಳಿಗೆಗಳ ವಿಮರ್ಶೆ ಸಂಖ್ಯೆಗಳ ಮಧ್ಯಾಂಕದ ಆಸುಪಾಸಿನಿಂದ ಆರಂಭಿಸಿ, ಅದನ್ನು ಅರ್ಧಕ್ಕೆ ಇಳಿಸಿಯೂ ಎರಡರಷ್ಟು ಏರಿಸಿಯೂ ನೋಡಿ. ಆಗ ಸ್ಥಾನ ಬದಲಿಸುವ ಮಳಿಗೆಗಳ ಬಗ್ಗೆ ಖಚಿತವಾಗಿ ಏನನ್ನೂ ಹೇಳಬೇಡಿ.

ಎರಡು ಮಳಿಗೆಗಳ ಅಂತರ ನಿಜವೋ ಆಕಸ್ಮಿಕವೋ ಎಂದು ಬೇಗ ಅಂದಾಜಿಸಲು ಮಾನಕ ದೋಷವನ್ನು, ಅಂದರೆ ಸರಾಸರಿಯಲ್ಲಿ ಸಹಜವಾಗಿ ಇರುವ ಅನಿಶ್ಚಿತತೆಯ ಅಳತೆಯನ್ನು, ಬಳಸಬಹುದು. ರೇಟಿಂಗ್‌ಗಳ ಮಾನಕ ವಿಚಲನೆಯನ್ನು, ಅಂದರೆ ಅವು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆಯನ್ನು, ರೇಟಿಂಗ್‌ಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅದು ಸಿಗುತ್ತದೆ. ವಿಚಲನೆ 1.1 ಆಗಿದ್ದರೆ 16 ರೇಟಿಂಗ್‌ಗಳ ಸರಾಸರಿಯ ಮಾನಕ ದೋಷ 0.275, 400 ರೇಟಿಂಗ್‌ಗಳದು 0.055. ಇದರ ಎರಡರಷ್ಟನ್ನು ಎರಡೂ ಬದಿಗೆ ಬಿಟ್ಟುಕೊಂಡರೆ 16 ಮಂದಿಯ 4.3 ಎಂಬುದು 3.75ರಿಂದ 4.85ರವರೆಗೆ ಎಲ್ಲಾದರೂ ಇರಬಹುದು. ಅಂತಹ ಎರಡು ಮಳಿಗೆಗಳ ನಡುವಿನ 0.2ರ ಅಂತರಕ್ಕೆ ಎರಡು ಬಣ್ಣ ಹಚ್ಚುವುದು ಓದುಗರಿಗೆ ಮಾಡುವ ಅನ್ಯಾಯ.

ಸರಾಸರಿಯ ಹಿಂದಿನ ವಿಂಗಡಣೆಯನ್ನೂ ನೋಡಬೇಕು. ಬಹಳ ಸಂತೋಷಪಟ್ಟವರು ಮತ್ತು ಬಹಳ ಬೇಸರಗೊಂಡವರು ಬರೆಯುವಷ್ಟು ಉತ್ಸಾಹದಿಂದ ಸಾಧಾರಣ ಅನುಭವ ಪಡೆದವರು ಬರೆಯುವುದಿಲ್ಲ. ಹೀಗಾಗಿ ಐದು ನಕ್ಷತ್ರಗಳ ಕಡೆ ದೊಡ್ಡ ಗುಡ್ಡೆ, ಒಂದರ ಕಡೆ ಚಿಕ್ಕ ಗುಡ್ಡೆ, ನಡುವೆ ತಗ್ಗು ಎಂಬ ಆಕಾರ ಸಾಮಾನ್ಯ. ಒಂದೇ ಸರಾಸರಿಯ ಎರಡು ಮಳಿಗೆಗಳಲ್ಲಿ ಒಂದಕ್ಕೆ ಎಲ್ಲರೂ ನಾಲ್ಕು ಕೊಟ್ಟಿರಬಹುದು, ಇನ್ನೊಂದಕ್ಕೆ ಮುಕ್ಕಾಲು ಮಂದಿ ಐದನ್ನೂ ಕಾಲು ಭಾಗ ಒಂದನ್ನೂ ಕೊಟ್ಟಿರಬಹುದು. ಎರಡನೆಯ ಮಳಿಗೆಯಲ್ಲಿ ಪತ್ತೆಹಚ್ಚಬೇಕಾದ ತೊಂದರೆಯೊಂದಿದೆ, ಮೊದಲನೆಯದರಲ್ಲಿ ಇಲ್ಲ. ಒಂದು ನಕ್ಷತ್ರ ಕೊಟ್ಟವರ ಶೇಕಡಾವಾರನ್ನು ಪ್ರತ್ಯೇಕ ಅಂಕಣವಾಗಿ ಇಟ್ಟುಕೊಂಡರೆ ಈ ವ್ಯತ್ಯಾಸ ತಪ್ಪಿಹೋಗುವುದಿಲ್ಲ.

ಹಂತ 8: ಐಸ್‌ಕ್ರೀಮಿಗೆ ವಿಶಿಷ್ಟವಾದ ಅಂಶಗಳನ್ನು ಪ್ರತ್ಯೇಕಿಸಿ

ಮೊದಲನೆಯದು ಋತು. ಬಿಸಿಲು ಹೆಚ್ಚಿದಾಗ ಗ್ರಾಹಕರೂ ಹೆಚ್ಚುತ್ತಾರೆ, ಸಾಲು ಬೆಳೆಯುತ್ತದೆ, ಇಷ್ಟದ ರುಚಿ ಮುಗಿದಿರುತ್ತದೆ, ಮೇಜುಗಳು ಅಂಟಂಟಾಗಿರುತ್ತವೆ. ಆ ತಿಂಗಳುಗಳ ರೇಟಿಂಗನ್ನು ಇನ್ನೊಂದು ಪ್ರದೇಶದ ಚಳಿಗಾಲದ ರೇಟಿಂಗ್‌ನೊಂದಿಗೆ ಹೋಲಿಸಿದರೆ ನೀವು ಅಳೆಯುವುದು ಹವಾಮಾನವನ್ನು. ಎರಡು ಪ್ರದೇಶಗಳಿಗೂ ಪೂರ್ತಿ ಒಂದು ವರ್ಷದ ವಿಮರ್ಶೆಗಳನ್ನು ತೆಗೆದುಕೊಳ್ಳಿ, ಇಲ್ಲವೇ ಋತುಗಳನ್ನು ಜೋಡಿ ಮಾಡಿ ಹೋಲಿಸಿ. ಹೊಸದಾಗಿ ತೆರೆದ ಮಳಿಗೆಗಳ ಮೊದಲ ವಾರಗಳ ವಿಮರ್ಶೆಗಳನ್ನು ಬೇರೆ ಇಡುವುದೂ ಒಳ್ಳೆಯದು.

ಎರಡನೆಯದು ಮನೆಗೆ ತಲುಪಿಸಿದ ಐಸ್‌ಕ್ರೀಮು. ಕರಗಿ ಬಂದ ಡಬ್ಬಿಗೆ ಸಿಟ್ಟಾದ ಗ್ರಾಹಕ ಕೊಡುವ ಒಂದು ನಕ್ಷತ್ರ ಮಳಿಗೆಯ ಲೆಕ್ಕಕ್ಕೇ ಬೀಳುತ್ತದೆ, ದೋಷ ದಾರಿಯದ್ದಾಗಿದ್ದರೂ ಸಹ. ಡೆಲಿವರಿ ಆ್ಯಪ್‌ಗಳ ರೇಟಿಂಗನ್ನು ಮಳಿಗೆಗೆ ಬಂದು ತಿಂದವರ ರೇಟಿಂಗ್‌ನೊಂದಿಗೆ ಬೆರೆಸಬೇಡಿ.

ಮೂರನೆಯದು ವಿಮರ್ಶೆಯ ಮಾತುಗಳು, ಮತ್ತು ಭೂಗೋಳಕ್ಕೆ ನಿಜವಾಗಿ ಸಂಬಂಧಿಸಿದ ಸುಳಿವು ಹೆಚ್ಚಾಗಿ ಸಿಗುವುದು ಇಲ್ಲಿ. ಐಸ್‌ಕ್ರೀಮನ್ನು ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಸಂಗ್ರಹಿಸಿಡುತ್ತಾರೆ. ಸಾಗಾಣಿಕೆಯಲ್ಲೋ ಮಳಿಗೆಯ ಫ್ರೀಜರ್‌ನಲ್ಲೋ ಉಷ್ಣತೆ ಏರಿಳಿದರೆ ಒಳಗಿನ ಸಣ್ಣ ಹಿಮಕಣಗಳು ಕರಗಿ, ಮತ್ತೆ ಹೆಪ್ಪುಗಟ್ಟುವಾಗ ದೊಡ್ಡ ಹರಳುಗಳಾಗುತ್ತವೆ. ಆಗ ನುಣುಪು ಹೋಗಿ ನಾಲಿಗೆಗೆ ಒರಟು ತಾಗುತ್ತದೆ. ಆದ್ದರಿಂದ ಕಡಿಮೆ ಅಂಕದ ವಿಮರ್ಶೆಗಳನ್ನು ಓದಿ, ಪ್ರತಿಯೊಂದನ್ನೂ ಗುಣಮಟ್ಟ, ಸಿಬ್ಬಂದಿ, ಕಾಯುವಿಕೆ, ಶುಚಿತ್ವ, ಬೆಲೆ ಎಂಬ ಗುಂಪುಗಳಲ್ಲಿ ಒಂದಕ್ಕೆ ಸೇರಿಸಿ. "ಮಂಜುಗಡ್ಡೆಯಂತಿತ್ತು", "ಹರಳು ಹರಳಾಗಿತ್ತು" ಎಂಬ ದೂರುಗಳು ಶೀತಲ ಗೋದಾಮಿನಿಂದ ದೂರವಿರುವ ಮಳಿಗೆಗಳಲ್ಲಿ ಹೆಚ್ಚುತ್ತಿದ್ದರೆ ಸಾಗಾಣಿಕೆಯನ್ನು ಪರಿಶೀಲಿಸಲು ಗಟ್ಟಿ ಕಾರಣವಿದೆ. ದೂರದೊಂದಿಗೆ ಸಂಬಂಧವಿಲ್ಲದೆ ಅಲ್ಲಲ್ಲಿ ಕಾಣಿಸಿಕೊಂಡರೆ ಆಯಾ ಮಳಿಗೆಯ ಫ್ರೀಜರನ್ನು, ಅದರ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು, ವಿದ್ಯುತ್ ಕಡಿತವನ್ನು ನೋಡಬೇಕು. ಸಿಬ್ಬಂದಿಯ ವರ್ತನೆಯ ಬಗೆಗಿನ ದೂರು ಆ ಮಳಿಗೆಯನ್ನು ನಡೆಸುವವರತ್ತ ಬೆರಳು ತೋರಿಸುತ್ತದೆಯೇ ಹೊರತು ಪ್ರದೇಶದತ್ತ ಅಲ್ಲ. ಒಂದೇ ಸಂಖ್ಯೆಯಾಗಿ ಕುಗ್ಗಿಸಿದ ರೇಟಿಂಗ್ ಇವೆಲ್ಲವನ್ನೂ ಮುಚ್ಚಿಹಾಕುತ್ತದೆ.

ಹಂತ 9: ಸ್ಥಾನವನ್ನೂ ರೇಟಿಂಗನ್ನೂ ಜೋಡಿಸಿ ಪರೀಕ್ಷಿಸಿ

ಮೂರನೆಯ ಹಂತದಲ್ಲಿ ದಾಖಲಿಸಿದ ಬಗೆ ಈಗ ಕೆಲಸಕ್ಕೆ ಬರುತ್ತದೆ. ಪೂರ್ವ ಭಾಗದಲ್ಲಿ ಸರಾಸರಿ 3.9 ಇರುವ 40 ಕಿಯೋಸ್ಕ್‌ಗಳೂ 4.5 ಇರುವ 10 ಪಾರ್ಲರ್‌ಗಳೂ ಇವೆ, ಪಶ್ಚಿಮದಲ್ಲಿ 3.8 ಇರುವ 10 ಕಿಯೋಸ್ಕ್‌ಗಳೂ 4.4 ಇರುವ 40 ಪಾರ್ಲರ್‌ಗಳೂ ಇವೆ ಎಂದುಕೊಳ್ಳಿ. ಮಳಿಗೆಗಳನ್ನೆಲ್ಲ ಸೇರಿಸಿದರೆ ಪೂರ್ವಕ್ಕೆ 4.02, ಪಶ್ಚಿಮಕ್ಕೆ 4.28. ಆದರೆ ಕಿಯೋಸ್ಕ್‌ಗಳಲ್ಲಿಯೂ ಪಾರ್ಲರ್‌ಗಳಲ್ಲಿಯೂ ಪೂರ್ವವೇ ಮುಂದಿದೆ. ಒಟ್ಟು ಸರಾಸರಿ ತಲೆಕೆಳಗಾಗುವ ಈ ವಿದ್ಯಮಾನಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸಿಂಪ್ಸನ್ ವಿರೋಧಾಭಾಸ ಎಂದು ಹೆಸರು. ಪ್ರದೇಶಗಳನ್ನು ಹೋಲಿಸುವ ಮೊದಲು ಒಂದೇ ಬಗೆಯ ಮಳಿಗೆಗಳನ್ನು ಒಂದೇ ಬಗೆಯವುಗಳೊಂದಿಗೆ ಹೋಲಿಸುವುದು ಕಡ್ಡಾಯ.

ಅನಂತರ, ಕಡಿಮೆ ರೇಟಿಂಗ್‌ನ ಮಳಿಗೆಗಳು ನಿಜವಾಗಿಯೂ ಅಕ್ಕಪಕ್ಕದಲ್ಲಿ ಗುಂಪುಗೂಡಿವೆಯೇ ಎಂದು ಪರೀಕ್ಷಿಸಿ. ಮೊರಾನ್ ಸೂಚ್ಯಂಕ ಇದಕ್ಕೆ ಬಳಕೆಯಲ್ಲಿರುವ ಅಳತೆ. ನೆರೆಯ ಮಳಿಗೆಗಳ ರೇಟಿಂಗ್‌ಗಳು ಒಂದನ್ನೊಂದು ಹೋಲಿದಷ್ಟೂ ಅದು 1ರತ್ತ ಸಾಗುತ್ತದೆ, ಹೋಲಿಕೆಯಿಲ್ಲದಿದ್ದರೆ ಸೊನ್ನೆಯ ಬಳಿ ಇರುತ್ತದೆ. ಅದರ ಅರ್ಥವನ್ನು ಖಚಿತಪಡಿಸಿಕೊಳ್ಳಲು ರೇಟಿಂಗ್‌ಗಳನ್ನು ಇಸ್ಪೀಟು ಎಲೆಗಳಂತೆ ಕಲಸಿ, ಸ್ಥಾನಗಳನ್ನು ಹಾಗೆಯೇ ಬಿಟ್ಟು, ಮಳಿಗೆಗಳಿಗೆ ಮನಬಂದಂತೆ ಹಂಚಿ ಸೂಚ್ಯಂಕವನ್ನು ಮತ್ತೆ ಲೆಕ್ಕ ಹಾಕಬೇಕು. ಹೀಗೆ 999 ಬಾರಿ ಮಾಡಿದಾಗ ನಿಮ್ಮ ನಿಜವಾದ ಸೂಚ್ಯಂಕವನ್ನು ಮೀರುವ ಫಲಿತಾಂಶಗಳು ಬೆರಳೆಣಿಕೆಯಷ್ಟಿದ್ದರೆ ಗುಂಪುಗೂಡುವಿಕೆ ಆಕಸ್ಮಿಕವಲ್ಲವೆಂದು ಹೇಳಬಹುದು. ನೂರಾರು ಇದ್ದರೆ ನಕ್ಷೆಯಲ್ಲಿ ಕಣ್ಣಿಗೆ ಕಂಡ ಕೆಂಪು ಪಟ್ಟಿಯನ್ನು ಬಿಟ್ಟುಕೊಡಬೇಕು, ಎಷ್ಟೇ ಮನವೊಲಿಸುವಂತಿದ್ದರೂ.

ರೇಟಿಂಗ್ ಹೆಚ್ಚಿದ್ದರೆ ವ್ಯಾಪಾರವೂ ಹೆಚ್ಚು ಎಂದು ಇಲ್ಲಿಂದ ಹಾರಬೇಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕೆಲ್ ಲೂಕಾ ಅಮೆರಿಕದ ಸಿಯಾಟಲ್ ನಗರದ ರೆಸ್ಟೋರೆಂಟ್‌ಗಳನ್ನು ಕುರಿತು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಯೆಲ್ಪ್ ತಾಣದಲ್ಲಿ ಒಂದು ನಕ್ಷತ್ರ ಹೆಚ್ಚಿದಾಗ ಆದಾಯ ಶೇಕಡಾ 5ರಿಂದ 9ರಷ್ಟು ಏರುತ್ತಿತ್ತು, ಆದರೆ ಈ ಪರಿಣಾಮ ಸ್ವತಂತ್ರ ರೆಸ್ಟೋರೆಂಟ್‌ಗಳಿಗೆ ಸೀಮಿತವಾಗಿತ್ತು, ಸರಣಿ ರೆಸ್ಟೋರೆಂಟ್‌ಗಳಲ್ಲಿ ಕಾಣಲಿಲ್ಲ. ಹೆಸರು ಮೊದಲೇ ಪರಿಚಿತವಾಗಿರುವಲ್ಲಿ ಗ್ರಾಹಕರು ನಕ್ಷತ್ರಗಳನ್ನು ಅಷ್ಟಾಗಿ ಅವಲಂಬಿಸುವುದಿಲ್ಲ ಎಂಬುದು ಅದಕ್ಕೆ ಹೊಂದುವ ವಿವರಣೆ. ಆದ್ದರಿಂದ ಸರಣಿ ಮಳಿಗೆಯ ರೇಟಿಂಗನ್ನು ಮಾರಾಟದ ಮುನ್ಸೂಚನೆಯಾಗಿ ಅಲ್ಲ, ಆ ಮಳಿಗೆಯ ನಿರ್ವಹಣೆಯ ಸುಳಿವಾಗಿ ಓದುವುದು ಸರಿಯೆಂದು ನನಗೆ ತೋರುತ್ತದೆ.

ಹಂತ 10: ನಕ್ಷೆಯನ್ನು ಬರೆಯಿರಿ

ಚುಕ್ಕಿಯ ಗಾತ್ರ ವಿಮರ್ಶೆಗಳ ಸಂಖ್ಯೆಯನ್ನೂ ಬಣ್ಣ ಸರಿಪಡಿಸಿದ ರೇಟಿಂಗನ್ನೂ ತೋರಿಸಲಿ. ಆಗ ದುರ್ಬಲ ಆಧಾರದ ಮಳಿಗೆಗಳು ತಾವಾಗಿಯೇ ಚಿಕ್ಕದಾಗಿ ಕಾಣುತ್ತವೆ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ಕಾಣಲಾರದ ಓದುಗರಿರುವುದರಿಂದ ನೀಲಿ ಮತ್ತು ಕಿತ್ತಳೆಯ ಛಾಯೆಗಳನ್ನು ಬಳಸಿ. ಬಣ್ಣದ ಅಳತೆಪಟ್ಟಿಯನ್ನು ಒಂದರಿಂದ ಐದಕ್ಕೆ ಎಳೆದರೆ ಎಲ್ಲ ಮಳಿಗೆಗಳೂ ಒಂದೇ ಬಣ್ಣವಾಗುತ್ತವೆ, 4.1ರಿಂದ 4.4ಕ್ಕೆ ಕುಗ್ಗಿಸಿದರೆ ಅತ್ಯಲ್ಪ ಅಂತರವೂ ದೊಡ್ಡದಾಗಿ ಕಾಣುತ್ತದೆ. ಏಳನೆಯ ಹಂತದ ಮಾನಕ ದೋಷಕ್ಕಿಂತ ಚಿಕ್ಕದಾದ ಮೆಟ್ಟಿಲುಗಳು ಅಳತೆಪಟ್ಟಿಯಲ್ಲಿ ಇರಬಾರದು. ವಿಶಾಲ ಪ್ರದೇಶವನ್ನು ತೋರಿಸುವಾಗ ಆನ್‌ಲೈನ್ ನಕ್ಷೆಗಳಲ್ಲಿ ಸಾಮಾನ್ಯವಾದ ವೆಬ್ ಮರ್ಕೇಟರ್ ಪ್ರಕ್ಷೇಪವನ್ನು, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಆ ವಿಧಾನವನ್ನು, ಬಿಟ್ಟು ವಿಸ್ತೀರ್ಣಗಳ ಪ್ರಮಾಣವನ್ನು ಉಳಿಸುವ ಸಮವಿಸ್ತೀರ್ಣ ಪ್ರಕ್ಷೇಪವನ್ನು ಆರಿಸಿ, ಏಕೆಂದರೆ ಮರ್ಕೇಟರ್‌ನಲ್ಲಿ 60 ಡಿಗ್ರಿ ಅಕ್ಷಾಂಶದ ಬಳಿಯ ನೆಲ ಸಮಭಾಜಕದ ಬಳಿಯದಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ.

ನಕ್ಷೆಯ ಕೆಳಗೆ ಮಾಹಿತಿ ತೆಗೆದುಕೊಂಡ ದಿನಾಂಕ, ಮೂಲಗಳು, ಕೈಬಿಟ್ಟ ಮಳಿಗೆಗಳ ಸಂಖ್ಯೆ ಮತ್ತು ಕಾರಣ, ಬೇಯ್ಸಿಯನ್ ಸರಾಸರಿಗೆ ಬಳಸಿದ ಕಾಲ್ಪನಿಕ ಗ್ರಾಹಕರ ಸಂಖ್ಯೆ ಇವಿಷ್ಟನ್ನೂ ಬರೆಯಿರಿ. ಮಳಿಗೆಗಳು ಮುಚ್ಚುತ್ತವೆ, ತೆರೆಯುತ್ತವೆ, ಕೈ ಬದಲಿಸುತ್ತವೆ. ಆದ್ದರಿಂದ ಮುಂದಿನ ವರ್ಷ ಅದೇ ತಿಂಗಳಲ್ಲಿ ಪಟ್ಟಿಯನ್ನು ಮತ್ತೆ ತೆಗೆದು, ಹಳೆಯ ಕಡತವನ್ನು ಅಳಿಸದೆ, ಅದೇ ಗುರುತು ಸಂಖ್ಯೆಗಳ ಪಕ್ಕದಲ್ಲಿ ಹೊಸ ಅಂಕಣಗಳನ್ನು ಸೇರಿಸಿ.